ಘಟ್ಟ ಇರುವುದು ನಮ್ಮ ಬೆನ್ನಿಗೆ

ಪ್ರಶ್ನೆ: ಸಹ್ಯಾದ್ರಿ ಅಡ್ಡ ಇರುವುದರಿಂದಲೇ ಕಾರವಾರಕ್ಕೆ ಚಂಡಮಾರುತ ಅಪ್ಪಳಿಸುವುದಿಲ್ಲ ಎನ್ನುತ್ತಾರೆ. ನಿಜವೇ?
(ಮಾಜಾಳಿಯ ಓದುಗರು)

ಪ್ರತಿ ಮೇ ತಿಂಗಳಲ್ಲಿ ಬರುವ ಪ್ರಶ್ನೆಯಿದು. ಹಿಂದಿನ ಉತ್ತರವನ್ನು ಯಾರೂ ಎತ್ತಿಟ್ಟುಕೊಂಡಂತಿಲ್ಲ. ಘಟ್ಟವಿರುವುದು ನಮ್ಮ ಪೂರ್ವಕ್ಕೆ, ಅರಬ್ಬಿ ಸಮುದ್ರದ ಚಂಡಮಾರುತ ಬರುವುದು ದಕ್ಷಿಣದಿಂದಲೋ ನೈಋತ್ಯದಿಂದಲೋ. ಹಿತ್ತಲಿನ ಪಾಗಾರ ಅಂಗಳಕ್ಕೆ ಬಂದವರನ್ನು ತಡೆಯುವುದುಂಟೇ? ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆಯುವ ಆ ಸುಳಿಯ ದಾರಿಯನ್ನು ನಿರ್ಧರಿಸುವುದು ಮೇಲ್ಮಟ್ಟದ ವಿಶಾಲವಾದ ಗಾಳಿಯ ಹರಿವೇ ಹೊರತು ನಮ್ಮ ಗುಡ್ಡಗಳಲ್ಲ. ಆ ಹರಿವು ಅನೇಕ ಸಲ ಚಂಡಮಾರುತವನ್ನು ಒಮಾನಿನತ್ತಲೋ ಗುಜರಾತಿನತ್ತಲೋ ಒಯ್ದಿದೆ, ಘಟ್ಟದ ಕೃಪೆ ಅದರಲ್ಲೇನೂ ಇಲ್ಲ.

ನೆಲ ಮಾಡುವ ಕೆಲಸ ಬೇರೆ. ಚಂಡಮಾರುತಕ್ಕೆ ಆಹಾರವೆಂದರೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರುವ ಕಡಲಿನ ಆವಿ. ಅದು ಮೇಲೇರಿ ಮೋಡವಾಗುವಾಗ ಬಿಡುವ ಶಾಖವೇ ಸುಳಿಯನ್ನು ನಡೆಸುತ್ತದೆ. ಮೇಲ್ಪದರವಷ್ಟೇ ಬೆಚ್ಚಗಿದ್ದರೆ ಸಾಲದು, ಐವತ್ತು ಮೀಟರ್ ಆಳದವರೆಗಾದರೂ ಹಾಗಿರಬೇಕು. ಇಲ್ಲವಾದರೆ ಚಂಡಮಾರುತ ತಾನೇ ಕಡಲನ್ನು ಕಲಕಿ, ಕೆಳಗಿನ ತಣ್ಣೀರನ್ನು ಮೇಲೆ ತಂದುಕೊಂಡು ಸೊರಗುತ್ತದೆ. ಕೇಂದ್ರ ನೆಲಕ್ಕೇರಿತೆಂದರೆ ಆವಿಯ ಪೂರೈಕೆ ನಿಲ್ಲುತ್ತದೆ, ಜೊತೆಗೆ ಘರ್ಷಣೆ ಗಾಳಿಯನ್ನು ತಗ್ಗಿಸುತ್ತದೆ. 2018ರ ನವೆಂಬರಿನಲ್ಲಿ ತಮಿಳುನಾಡಿಗೆ ಅಪ್ಪಳಿಸಿದ ‘ಗಜ’ ನೆಲದ ಮೇಲೆ ಹೀಗೆ ಸೊರಗಿತಾದರೂ, ಕೇರಳದ ಘಟ್ಟವನ್ನು ದಾಟಿ ಅರಬ್ಬಿ ಸಮುದ್ರಕ್ಕಿಳಿದ ಮೇಲೆ ಮತ್ತೆ ಕೊಂಚ ಚೇತರಿಸಿಕೊಂಡಿತು. ಘಟ್ಟದ ಭಕ್ತರು ಇದನ್ನು ಗಮನಿಸಲಿ.

2021ರ ಮೇ ತಿಂಗಳ ‘ತೌಕ್ತೆ’ಯಂತೂ ನಮ್ಮ ನೆಲವನ್ನು ಮುಟ್ಟಲೇ ಇಲ್ಲ. ಮುಟ್ಟದೆ ಕರಾವಳಿಗೆ ಸಮಾಂತರವಾಗಿ ಸಾಗಿದ್ದರಿಂದಲೇ ಅದು ಬೆಚ್ಚನೆಯ ನೀರಿನ ಮೇಲುಳಿದು, ಉತ್ತರಕ್ಕೆ ಹೋದಂತೆ ಬಲಿತು, 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ಕೇಂದ್ರ ದೂರವಿದ್ದರೂ ಅಲೆಗಳು ನಮ್ಮ ದಂಡೆಯನ್ನು ಬಿಡಲಿಲ್ಲ. ‘ಇಲ್ಲಿಗೆ ಬರುವುದಿಲ್ಲವಂತೆ’ ಎಂದು ದೋಣಿಯನ್ನು ನೀರಂಚಿನಲ್ಲೇ ಬಿಡುವವರೊಡನೆ ವಾದಿಸಿ ನನಗೆ ಸಾಕಾಗಿದೆ. ಅತಿ ಎಚ್ಚರವೆಂದರೂ ಸರಿ, ಮುನ್ಸೂಚನೆಯ ನಕ್ಷೆಯಲ್ಲಿ ಗೆರೆ ಕಾರವಾರದಿಂದ ಮುನ್ನೂರು ಕಿಲೋಮೀಟರ್ ಆಚೆಗಿದ್ದಾಗಲೂ ದೋಣಿಯನ್ನು ಮೇಲಕ್ಕೆಳೆಯಿರಿ ಎಂದೇ ನಾನು ಹೇಳುವುದು.

ಪ್ರಶ್ನೆ: ಹುಣ್ಣಿಮೆಗೂ ಚಂಡಮಾರುತಕ್ಕೂ ಸಂಬಂಧವಿದೆಯೇ?

ಹುಣ್ಣಿಮೆಗೆ ಏರುವುದು ಭರತದ ನೀರು, ಚಂಡಮಾರುತವಲ್ಲ. ಎರಡೂ ಒಂದೇ ದಿನ ಒದಗಿದರೆ ದಂಡೆಗೆ ಕೇಡು ಹೆಚ್ಚು.

ಪ್ರಶ್ನೆ: ಕಡಲು ಬೆಚ್ಚಗಿದ್ದೂ ಜುಲೈ, ಆಗಸ್ಟಿನಲ್ಲಿ ಚಂಡಮಾರುತ ಏಕಿಲ್ಲ?

ಮಳೆಗಾಲದಲ್ಲಿ ಕೆಳಗಿನ ಗಾಳಿ ಒಂದು ಕಡೆಗೂ ಮೇಲಿನ ಗಾಳಿ ಇನ್ನೊಂದು ಕಡೆಗೂ ಬೀಸಿ, ಸುಳಿ ನೆಟ್ಟಗೆ ನಿಲ್ಲುವ ಮೊದಲೇ ಅದನ್ನು ಹರಿದುಹಾಕುತ್ತವೆ.

ಪ್ರಶ್ನೆ: ಮುಂದಿನ ತಿಂಗಳ 20ಕ್ಕೆ ಚಂಡಮಾರುತವೆಂದು ವಾಟ್ಸಾಪಿನಲ್ಲಿ ಒಬ್ಬ ಜ್ಯೋತಿಷಿ ಹೇಳಿದ್ದಾರೆ.

ಹೇಳಲಿ. ನೀವು ಹವಾಮಾನ ಇಲಾಖೆಯ ಪ್ರಕಟಣೆ ಓದಿ.