ಹುಬ್ಬಳ್ಳಿ ಕಾರು, ವಾಸ್ಕೋ ಹವೆ

ತಮ್ಮಾ, ಗೋವಾದ ವಾಸ್ಕೋದಲ್ಲಿ ಮನೆ ಹೇಗೆ, ಕೆಎ ನಂಬರಿನ ಕಾರು ಇಲ್ಲಿ ಎಷ್ಟು ದಿನ ಓಡಿಸಬಹುದು ಅಂತ ಕೇಳಿದ್ದೀ. ಜೊತೆಗೆ, ಸೆಕೆಂಡ್ ಹ್ಯಾಂಡ್ ಕೊಂಡ 2013ರ ಹೋಂಡಾ ಸಿಟಿಯ ಏರ್‌ಬ್ಯಾಗ್ ರಿಕಾಲ್ (ದೋಷವಿರುವ ಭಾಗವನ್ನು ಕಂಪನಿಯೇ ಕರೆದು ಬದಲಿಸಿಕೊಡುವುದು) ಇಲ್ಲೇ ಮಾಡಿಸಲೋ, ಹುಬ್ಬಳ್ಳಿಗೆ ಒಯ್ಯಲೋ, ಗೆಳೆಯನ ಗ್ಯಾರೇಜಿನಲ್ಲಿ ಮುಗಿಸಲೋ ಅಂತ.

ಮನೆಗೆ ಹನ್ನೊಂದು ತಿಂಗಳ ಕರಾರು, ಪೊಲೀಸ್ ಠಾಣೆಗೆ ಬಾಡಿಗೆದಾರರ ಫಾರ್ಮು. ಉಳಿದದ್ದನ್ನು ಇಲ್ಲಿನ ಬೈನಾ ಬಡಾವಣೆಯಲ್ಲಿ ನಮ್ಮವರು ಹೇಳುತ್ತಾರೆ. ಕಾರು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇರುವುದಾದರೆ ಗೋವಾ ನಂಬರು ಬೇಕು. ಊರಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಂದರೆ ಫಾರ್ಮ್ 28, ಮೊದಲೇ ತೆಗೆಸಿಕೋ.

ಇನ್ನು ಏರ್‌ಬ್ಯಾಗ್. ಬಂದ ಹೊಸದರಲ್ಲಿ ನಾನೂ ಸಣ್ಣ ರಿಪೇರಿಗೆಲ್ಲ ಊರ ದಾರಿಯ ಅನಮೋಡ ಘಾಟ್ ಹತ್ತುತ್ತಿದ್ದೆ. ಪರಿಚಯದ ಮುಖ ಬೇಕಿತ್ತು, ಅಷ್ಟೇ. ರಿಕಾಲ್ ಅಂಟಿಕೊಂಡಿರುವುದು ಚಾಸಿ ನಂಬರಿಗೆ. ಅದಕ್ಕೆ ಊರೂ ಇಲ್ಲ, ಮಾಲೀಕನೂ ಇಲ್ಲ. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡು. ಕಂಪನಿಯ ಪತ್ರ ಮೊದಲ ಮಾಲೀಕನ ವಿಳಾಸಕ್ಕೆ ಹೋಗಿರುತ್ತದೆ. ಅವನೇನು ನಿನಗೆ ಫೋನ್ ಮಾಡಿ ಹೇಳುತ್ತಾನೆಯೇ? ಏಳು ವರ್ಷ ದಾಟಿದ ಕಾರಿಗೆ ಸಿಗುವುದಿಲ್ಲ ಎಂದು ಯಾರಾದರೂ ಅಂದರೆ ನಂಬಬೇಡ. ಆ ಏಳು ವರ್ಷ 2021ರಲ್ಲಿ ಜಾರಿಗೆ ಬಂದ ಕಡ್ಡಾಯ ರಿಕಾಲ್ ನಿಯಮದ್ದು. 2013ರ ಸಿಟಿ, ಜಾಝ್, ಅಕಾರ್ಡ್‌ಗಳನ್ನು ಹೋಂಡಾ ತಾನಾಗಿಯೇ 2018ರ ಜನವರಿಯಲ್ಲಿ ಕರೆದಿತ್ತು.

ಕರೆದದ್ದು ಟಕಾಟಾ ಕಂಪನಿಯ ಇನ್‌ಫ್ಲೇಟರಿಗಾಗಿ, ಅಂದರೆ ಏರ್‌ಬ್ಯಾಗ್ ಉಬ್ಬಿಸುವ ಡಬ್ಬಿಗಾಗಿ. ಅದರೊಳಗಿನ ಮದ್ದು ಅಮೋನಿಯಂ ನೈಟ್ರೇಟ್. ತೇವ ಹೀರುವ ಪುಡಿ ಇಲ್ಲದವುಗಳಲ್ಲಿ ವರ್ಷಾನುಗಟ್ಟಲೆ ತೇವ, ಬಿಸಿಯ ಏರಿಳಿತ ಸೇರಿ ಮದ್ದು ಕೆಡುತ್ತದೆ. ಅಪಘಾತದಲ್ಲಿ ಅದು ಉರಿಯಬೇಕಾದ ವೇಗಕ್ಕಿಂತ ಜೋರಾಗಿ ಉರಿದು, ಉಕ್ಕಿನ ಡಬ್ಬಿಯೇ ಒಡೆದು ಚೂರುಗಳು ಮುಖಕ್ಕೆ ಬರುತ್ತವೆ. ಹುಬ್ಬಳ್ಳಿಯ ಒಣ ಗಾಳಿಗಿಂತ ಇಲ್ಲಿನ ಕಡಲ ಹವೆ ಅದಕ್ಕೆ ಕೆಟ್ಟದ್ದು. ತಡ ಮಾಡಬೇಡ.

ಗ್ಯಾರೇಜಿನ ಮಾತು ಬಿಡು. ಬಿಚ್ಚುವುದು ಬ್ರಹ್ಮವಿದ್ಯೆಯೇನಲ್ಲ: ಬ್ಯಾಟರಿಯ ಮೈನಸ್ ತೆಗೆದು ಕನಿಷ್ಠ ಮೂರು ನಿಮಿಷ ಕಾಯಬೇಕು, ಆಮೇಲೆ ಹಳದಿ ಕನೆಕ್ಟರ್. ಆದರೆ ಅಲ್ಲಿ ಯಾರಾದರೂ ಮಲ್ಟಿಮೀಟರ್ ಹಚ್ಚಿ ಓಮ್ ನೋಡಲು ಹೋದರೆ ಅಷ್ಟು ಕರೆಂಟಿಗೇ ಏರ್‌ಬ್ಯಾಗ್ ಹಾರಬಹುದು. ಸ್ಟಿಯರಿಂಗ್ ಕಳಚಿ ಕ್ಲಾಕ್ ಸ್ಪ್ರಿಂಗ್ (ಸ್ಟಿಯರಿಂಗ್ ಒಳಗಿನ ಸುರುಳಿ ವಯರ್ ಪಟ್ಟಿ) ನಡು ತಪ್ಪಿದರೆ, ಪೂರ್ತಿ ತಿರುಗಿಸಿದ ದಿನ ಪಟ್ಟಿ ಹರಿದು ಹಾರ್ನೂ ಹೋಗುತ್ತದೆ, ಏರ್‌ಬ್ಯಾಗೂ ಹೋಗುತ್ತದೆ. ರಿಕಾಲ್ ಪಾರ್ಟ್ ಕೌಂಟರಿನಲ್ಲಿ ಮಾರುವುದೂ ಇಲ್ಲ. ಗುಜರಿಯದನ್ನು ಹಾಕಿಸಿದರೆ ಮತ್ತೊಂದು ಹಳೆಯ ಟಕಾಟಾ ತಂದು ಕೂರಿಸಿದಂತೆ.

ಡೀಲರ್ ಹತ್ತಿರ ಎರಡು ಸಲ ಹೋಗಬೇಕಾಗಬಹುದು. ಮೊದಲು ಚಾಸಿ ನಂಬರ್ ತೋರಿಸಿ, ಪಾರ್ಟ್ ಆರ್ಡರ್ ಹಾಕಿಸಿ, ಅದರ ನಂಬರ್ ಬರೆಸಿಕೊಂಡು ಬಾ. ಬಂದ ಮೇಲೆ ಫಿಟ್ಟಿಂಗ್. ನಡುವೆ ಕೊಂಕಣಿಯಲ್ಲಿ ‘ಫಾಲ್ಯಾಂ’ (ನಾಳೆ) ಅಂತ ಹೇಳಿದರೆ ನಿಜಕ್ಕೂ ನಾಳೆಯೇ ಅಂತ ತಿಳಿಯಬೇಡ, ವಾರಕ್ಕೊಮ್ಮೆ ಫೋನ್ ಮಾಡು. ಪಾರ್ಟಿಗೂ ಕೂಲಿಗೂ ದುಡ್ಡಿಲ್ಲ. ಎಸಿ ಕ್ಲೀನಿಂಗ್, ಅಲೈನ್‌ಮೆಂಟ್ ಅಂತ ಸೇರಿಸಿದರೆ ಸಹಿಗೆ ಮೊದಲೇ ಹೊಡೆದು ಹಾಕಿಸು. ಉಪ್ಪುಗಾಳಿಗೆ ಅಂಡರ್‌ಬಾಡಿ ಕೋಟಿಂಗ್ ಒಳ್ಳೆಯದೇ, ಬೇರೆ ದಿನ ಮಾಡಿಸಿಕೋ.

ನನಗೆ ತಡವಾಗಿ ತಿಳಿದದ್ದು ಒಂದಿದೆ, ಸೆಕೆಂಡ್ ಹ್ಯಾಂಡ್ ಕೊಂಡವರು ಮೊದಲ ದಿನವೇ ನೋಡಬೇಕಾದದ್ದು. ಕೀ ಆನ್ ಮಾಡಿ, ಎಂಜಿನ್ ಹಚ್ಚಬೇಡ. ಎಸ್‌ಆರ್‌ಎಸ್ ದೀಪ, ಅಂದರೆ ಏರ್‌ಬ್ಯಾಗಿನ ಎಚ್ಚರಿಕೆ ದೀಪ, ಕೆಲವು ಸೆಕೆಂಡ್ ಉರಿದು ಆರಬೇಕು. ಆರದಿದ್ದರೆ ದೋಷ. ಹತ್ತದೇ ಇದ್ದರೆ ಅದಕ್ಕಿಂತ ಕೆಟ್ಟದ್ದು: ಹಿಂದೆ ಅಪಘಾತದಲ್ಲಿ ಏರ್‌ಬ್ಯಾಗ್ ಹಾರಿ, ಖಾಲಿ ಮುಚ್ಚಳ ಕೂರಿಸಿ, ದೀಪವನ್ನೇ ಕತ್ತರಿಸಿ ಮಾರಿರಬಹುದು. ದೀಪ ಸರಿಯಾಗಿ ಆರಿದರೂ ಏರ್‌ಬ್ಯಾಗ್ ಬದಲು ರೆಸಿಸ್ಟರ್ ಹಾಕಿ ವಂಚಿಸಿರಬಹುದು, ಅದಕ್ಕೇ ಬಿಚ್ಚುವಾಗ ಎದುರಿಗೆ ನಿಲ್ಲು. ಇಲ್ಲದ ಏರ್‌ಬ್ಯಾಗನ್ನು ರಿಕಾಲ್ ತುಂಬಿಕೊಡುವುದಿಲ್ಲ. ಆ ಖರ್ಚು ನಿನ್ನದೇ.

ಕೆಲಸ ಮುಗಿದ ಮೇಲೆ ಮತ್ತೆ ದೀಪ ನೋಡು, ಹಾರ್ನ್ ಹೊಡಿ, ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಸೊಟ್ಟ ನಿಲ್ಲುತ್ತದೆಯೇ ನೋಡು. ಜಾಬ್ ಕಾರ್ಡಿನಲ್ಲಿ ರಿಕಾಲ್ ಕೋಡ್, ಹೊಸ ಇನ್‌ಫ್ಲೇಟರಿನ ನಂಬರ್ ಬರೆಸಿ, ಆರ್‌ಸಿ ಜೊತೆ ಇಡು. ವಾರ ಬಿಟ್ಟು ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಇನ್ನೊಮ್ಮೆ ಹಾಕು. ಇನ್ನೂ ಬಾಕಿ ಅಂತ ತೋರಿಸಿದರೆ ಅವರು ಎಂಟ್ರಿ ಮಾಡಿಲ್ಲ.

ಪಾರ್ಟ್ ಬರುವವರೆಗೆ, ಪಕ್ಕದ ಸೀಟಿನ ಏರ್‌ಬ್ಯಾಗ್ ಎಂದಾದರೆ ಅವ್ವ ಊರಿಂದ ಬಂದರೂ ಹಿಂದೆಯೇ ಕೂಡಿಸು. ನಿನ್ನ ಬದಿಯದಾದರೆ ಬಸ್ಸಿದೆ. ಊರಿಗೆ ಹೋಗಬೇಕು ಅನ್ನಿಸಿದರೆ ಹೋಗಿ ಬಾ ತಮ್ಮಾ, ಅದಕ್ಕೆ ರಿಕಾಲ್ ನೆಪ ಬೇಡ.