ಕೀ ಬಿಟ್ಟ ಮೇಲೂ ನಿಲ್ಲದ ಸ್ವರ

ಪ್ರಶ್ನೆ: ಮನೆಯಲ್ಲಿ ಗಣಿ ಕಾಲದ ಹಳೇ ಗ್ರ್ಯಾಂಡ್ ಪಿಯಾನೊ ಇದೆ. ಮಂದ್ರದ ಸ್ವರ ಬಾರಿಸಿ ಬೆರಳು ತೆಗೆದರೆ ತೆಳ್ಳಗೆ ಇನ್ನೊಂದು ಸ್ವರ ಉಳಿದುಕೊಳ್ಳುತ್ತದೆ. ಶ್ರುತಿ ಮಾಡಿಸಿದರೂ ಹೋಗಿಲ್ಲ. ಒಂದು ಕೀಯಂತೂ ಜುಂಯ್ ಎನ್ನುತ್ತದೆ. ತಂತಿಗಳನ್ನೆಲ್ಲ ಬದಲಿಸಬೇಕೇ?
– ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ಅಷ್ಟು ದೂರ ಹೋಗಬೇಡಿ. ಶ್ರುತಿ ಮಾಡುವುದೆಂದರೆ ತಂತಿಯ ಬಿಗುವು ಸರಿಪಡಿಸುವುದು; ಕೀ ಬಿಟ್ಟಾಗ ತಂತಿಯ ಮೇಲೆ ಕೂತು ನಾದ ನಿಲ್ಲಿಸುವುದು ಡ್ಯಾಂಪರ್‌ನ ಕೆಲಸ. ಎರಡಕ್ಕೂ ಸಂಬಂಧವಿಲ್ಲ.

ಉಳಿಯುವ ಸ್ವರ ಯಾವುದೆಂದು ಮೊದಲು ಗುರುತಿಸಿ. ಬಾರಿಸಿದ್ದನ್ನು ಷಡ್ಜ ಎಂದಿಟ್ಟುಕೊಂಡರೆ, ಸಾಮಾನ್ಯವಾಗಿ ಮೇಲಿನ ಸ್ಥಾಯಿಯ ಪಂಚಮವೋ, ಅದಕ್ಕೂ ಮೇಲಿನ ಅಂತರ ಗಾಂಧಾರವೋ ಕೇಳುತ್ತದೆ. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರವೂ ಇದೇ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಬಾರಿಸಿದ ತಂತಿಯ ಡ್ಯಾಂಪರ್ ಅಡಿಯ ಫೆಲ್ಟ್ (ಮೆತ್ತನೆಯ ಉಣ್ಣೆ ಬಟ್ಟೆ) ಗಟ್ಟಿಯಾಗಿ ಚೂರು ಜಾಗವನ್ನಷ್ಟೇ ಮುಟ್ಟುತ್ತಿರಬಹುದು. ತಂತಿ ಇಡಿಯಾಗಿ ಕಂಪಿಸುವಾಗಲೇ ಮೂರು ಭಾಗವಾಗಿಯೂ ಕಂಪಿಸಿ ಆ ಪಂಚಮ ಹುಟ್ಟಿಸುತ್ತದೆ; ಆ ಭಾಗಗಳ ನಡುವೆ ಅಲುಗದ ಬಿಂದುಗಳಿರುತ್ತವೆ. ಫೆಲ್ಟ್ ಅಲ್ಲೇ ಕೂತರೆ ಮೂಲ ಸ್ವರ ಅಡಗಿ ಪಂಚಮ ಉಳಿಯುತ್ತದೆ. ಇನ್ನೊಂದು, ಆ ಪಂಚಮಕ್ಕೇ ಇರುವ ಬೇರೆ ತಂತಿಗಳ ಡ್ಯಾಂಪರ್ ಸರಿಯಾಗಿ ಕೂರದೆ ಅವು ಅನುರಣಿಸುತ್ತಿರಬಹುದು.

ಇದನ್ನು ಬೆರಳೇ ಹೇಳುತ್ತದೆ. ಮಂದ್ರದ ಕೀ ಜೋರಾಗಿ ಬಾರಿಸಿ ಬಿಡಿ, ಸ್ವರ ಉಳಿದಿರುವಾಗ ಪಂಚಮದ ತಂತಿಗಳನ್ನು ಮೆಲ್ಲಗೆ ಮುಟ್ಟಿ. ನಿಂತರೆ ತಪ್ಪು ಅಲ್ಲಿದೆ. ನಿಲ್ಲದಿದ್ದರೆ ಬಾರಿಸಿದ ತಂತಿಯ ಡ್ಯಾಂಪರ್ ತಲೆಯನ್ನು ಮೇಲಿನಿಂದ ಹಗುರವಾಗಿ ಅದುಮಿ. ಅದುಮಿದಾಗ ನಿಂತರೆ ಡ್ಯಾಂಪರ್ ಪೂರ್ತಿ ಇಳಿಯುತ್ತಿಲ್ಲ: ಅದನ್ನು ಎತ್ತುವ ಕಡ್ಡಿ ಸೊಟ್ಟಗಾಗಿದೆ, ಇಲ್ಲವೇ ಮಳೆಗಾಲದ ತೇವಕ್ಕೆ ಕಡ್ಡಿ ಹಾಯುವ ತೂತಿನ ಬುಷ್ ಬಟ್ಟೆ ಉಬ್ಬಿ ಹಿಡಿಯುತ್ತಿದೆ. ಅದುಮಿದರೂ ನಿಲ್ಲದಿದ್ದರೆ ಫೆಲ್ಟ್ ಸತ್ತಿದೆ, ಬದಲಿಸಬೇಕು. ಟಾರ್ಚ್ ಹಾಕಿ ನೋಡಿ, ಹುಳು ತಿಂದ ಗುರುತೂ ಸಿಗಬಹುದು. ಎಲ್ಲ ಸ್ವರಗಳೂ ಹೀಗೇ ಉಳಿದರೆ ಬಲ ಪೆಡಲ್ ನೋಡಿ. ಕಾಲಿಟ್ಟಾಗ ಮೊದಲ ಕೆಲವು ಮಿಲಿಮೀಟರ್ ಅದು ಸಡಿಲವಾಗಿ ಇಳಿಯಬೇಕು. ಆ ಸಡಿಲ ಇಲ್ಲವೆಂದರೆ ಡ್ಯಾಂಪರ್‌ಗಳೆಲ್ಲ ಸದಾ ಅರೆ ಎದ್ದೇ ಇರುತ್ತವೆ. ತಾರದ ಕೊನೆಯ ಸುಮಾರು 20 ಕೀಗಳಿಗೆ ಡ್ಯಾಂಪರೇ ಇರುವುದಿಲ್ಲ, ಅವು ಉಳಿದರೆ ದೋಷವಲ್ಲ.

ಬ್ರಿಡ್ಜ್‌ನ (ತಂತಿಗಳನ್ನು ಹೊತ್ತ ಮರದ ದಿಂಡು) ಆಚೆ ಉಳಿದ ತಂತಿಯ ತುಂಡುಗಳನ್ನೂ ಮುಟ್ಟಿ ನೋಡಿ. ಅಲ್ಲಿ ಹೆಣೆದಿದ್ದ ಬಟ್ಟೆ ಪಟ್ಟಿ ಜಾರಿದ್ದರೆ ಸಿಳ್ಳಿನಂಥ ನಾದ ಬರುತ್ತದೆ. ಪಟ್ಟಿ ಮತ್ತೆ ಹೆಣೆದರೆ ಸಾಕು. ಆದರೆ ತಾರದ ಭಾಗದಲ್ಲಿ ಕೆಲವು ತಯಾರಕರು ಅದನ್ನು ಬೇಕೆಂದೇ ತೆರೆದಿಡುತ್ತಾರೆ (ಸ್ಟೈನ್‌ವೇ 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು). ಅದನ್ನು ಮುಚ್ಚಿದರೆ ಹೊಳಪೇ ಹೋಗುತ್ತದೆ.

ಜುಂಯ್ ಸದ್ದಿಗೆ ಮೊದಲು ಸೌಂಡ್‌ಬೋರ್ಡ್ (ತಂತಿಗಳ ಅಡಿಯ ದೊಡ್ಡ ಮರದ ಹಲಗೆ) ಮೇಲೆ ಬಿದ್ದ ಪೆನ್ಸಿಲ್, ನಾಣ್ಯ, ಇಲ್ಲವೇ ಮುಚ್ಚಳದ ಸಡಿಲ ಕೀಲು ಹುಡುಕಿ. ಒಬ್ಬರು ಆ ಕೀ ಬಾರಿಸುತ್ತಿರಲಿ, ನೀವು ಒಂದೊಂದನ್ನೇ ಅದುಮಿ. ಸೌಂಡ್‌ಬೋರ್ಡಿನಲ್ಲಿ ಬಿರುಕಿದ್ದ ಮಾತ್ರಕ್ಕೆ ಗಾಬರಿ ಬೇಡ. ಅಡಿಯ ಮರದ ಪಟ್ಟಿಯಿಂದ ಹಲಗೆ ಬಿಟ್ಟುಕೊಂಡಿದ್ದರೆ ಮಾತ್ರ ಅದು ಅದುರುತ್ತದೆ. ಏನೂ ಸಿಗದಿದ್ದರೆ, ಅದು ಮಂದ್ರದ ಕೀಯಾದರೆ, ಆ ತಂತಿಯ ತಾಮ್ರದ ಸುತ್ತು ಸಡಿಲವಾಗಿರಬಹುದು. ಬದಲಿಸುವುದಾದರೂ ಅದೊಂದನ್ನೇ. ಎಣ್ಣೆ ಮಾತ್ರ ಎಲ್ಲಿಗೂ ಬಿಡಬೇಡಿ, ಕೊಬ್ಬರಿ ಎಣ್ಣೆಯಾದರೂ ಸರಿ, ಮೆಷಿನ್ ಎಣ್ಣೆಯಾದರೂ ಸರಿ.

ಪ್ರಶ್ನೆ: ಬೇಸಿಗೆಯಲ್ಲಿ ತಾರದ ಒಂದು ಸ್ವರ ಅಲೆಅಲೆಯಾಗಿ ಕೇಳುತ್ತದೆ. ಶ್ರುತಿ ಕೆಟ್ಟಿದೆಯೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಆ ಸ್ವರದ ಮೂರು ತಂತಿಗಳಲ್ಲಿ ಎರಡಕ್ಕೆ ರಬ್ಬರ್ ಬೆಣೆ ಸಿಕ್ಕಿಸಿ ಉಳಿದೊಂದನ್ನೇ ಕೇಳಿ. ಒಂಟಿ ತಂತಿ ನೇರವಾಗಿ ನಿಂತರೆ ಶ್ರುತಿಯ ಸಮಸ್ಯೆ. ಒಂಟಿಯಾಗಿಯೂ ಅಲೆದರೆ ಬ್ರಿಡ್ಜ್ ಪಿನ್ (ಬ್ರಿಡ್ಜ್ ಮೇಲೆ ತಂತಿಯನ್ನು ಹಿಡಿದಿಡುವ ಮೊಳೆ) ಅನುಮಾನಿಸಿ: ಒಣ ಹವೆಗೆ ಮರ ಕುಗ್ಗಿ ಪಿನ್ ಸಡಿಲವಾಗುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಪಿನ್ನನ್ನು ಪಕ್ಕಕ್ಕೆ ಒತ್ತಿಹಿಡಿದಾಗ ಅಲೆ ನಿಂತರೆ ಖಾತ್ರಿಯಾಯಿತು. ತಂತ್ರಜ್ಞರು ಪಿನ್ನಿನ ಬುಡಕ್ಕೆ ತೆಳು ಸೂಪರ್ ಗ್ಲೂ ಇಳಿಸಿ ಗಟ್ಟಿಮಾಡುತ್ತಾರೆ. ತಂತಿಯನ್ನು ಬ್ರಿಡ್ಜ್ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಲು ಹೋಗಬೇಡಿ. ಮರದ ಅಂಚು ಜಜ್ಜಿ ಅಲೆ ಇನ್ನೂ ಹೆಚ್ಚುತ್ತದೆ.