ಕಾಶಿಗೆ ಹೊರಟವರ ಬ್ಯಾಗಿನಲ್ಲಿ ಯಾವ ಆಟ ಇರಲಿ?

ಪ್ರಶ್ನೆ: ಮುಂದಿನ ತಿಂಗಳು ಮನೆಮಂದಿಯೆಲ್ಲ ರೈಲಿನಲ್ಲಿ ಕಾಶಿಗೆ ಹೊರಟಿದ್ದೇವೆ. ನಾವಿಬ್ಬರು, ಅತ್ತೆ, 11 ವರ್ಷದ ಮಗಳು, 6 ವರ್ಷದ ಮಗ. ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ಮಕ್ಕಳ ಕೈಗೆ ಮೊಬೈಲ್ ಕೊಡಬಾರದು ಅಂತ ಮಾತಾಡಿಕೊಂಡಿದ್ದೇವೆ. ಜಾಸ್ತಿ ಜಾಗ ಹಿಡಿಯದ, ಅತ್ತೆಯೂ ಕೂತು ಆಡುವಂಥ ಆಟ ಯಾವುದು ಹೇಳ್ತೀರಾ?
— ಒಬ್ಬ ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಅಂಗಡಿಗೆ ಹೋಗುವ ಮೊದಲು ಅತ್ತೆಯವರನ್ನೇ ಒಂದು ಮಾತು ಕೇಳಿ, ಚಿಕ್ಕವರಿದ್ದಾಗ ಏನು ಆಡ್ತಿದ್ರಿ ಅಂತ. ಚೌಕಾಬಾರ ಅಂದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಪ್ರಯಾಣಕ್ಕೆ ಅದಕ್ಕಿಂತ ಒಳ್ಳೆಯ ಆಟ ನನಗಂತೂ ಸಿಕ್ಕಿಲ್ಲ.

ಬೀರುವಿನಲ್ಲಿ ಅರಿಶಿನ ಕುಂಕುಮಕ್ಕೆ ಬಂದ ಬ್ಲೌಸ್ ಪೀಸ್ ಇದ್ದೇ ಇರುತ್ತದೆ ಅಲ್ವಾ, ಅದರಲ್ಲಿ ತಿಳಿ ಬಣ್ಣದ್ದೊಂದು ತೆಗೆದುಕೊಳ್ಳಿ. ಮಾರ್ಕರ್ ಪೆನ್ನಿನಲ್ಲಿ ಐದಕ್ಕೆ ಐದು, ಒಟ್ಟು 25 ಮನೆ ಬರೆಯಿರಿ. ಒಂದೊಂದು ಮನೆ ಎರಡು ಇಂಚು ಇದ್ದರೆ ಸಾಕು, ಬರ್ತ್ ಮೇಲೆ ಆರಾಮಾಗಿ ಹಿಡಿಯುತ್ತದೆ. ಕವಡೆ ಹುಡುಕಬೇಕಿಲ್ಲ. ನಾಲ್ಕು ಹುಣಸೆ ಬೀಜ ತೆಗೆದುಕೊಂಡು ಒಂದೇ ಮಗ್ಗುಲನ್ನು ಕಲ್ಲಿನ ಮೇಲೆ ಉಜ್ಜಿ. ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣುವವರೆಗೆ ಉಜ್ಜಬೇಕು, ಬೆರಳು ಸ್ವಲ್ಪ ಬಿಸಿಯಾಗುತ್ತದೆ. ಈ ಕೆಲಸ ಮಗನಿಗೇ ಕೊಡಿ, ತಾನು ಮಾಡಿದ ಬೀಜ ಅಂತ ಜೋಪಾನ ಮಾಡುತ್ತಾನೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಂದು ಬಿದ್ದರೆ ಬಾರ, ಎಂಟು. ದಾಳದ ಹಾಗೆ ಇವು ಸೀಟಿನ ಕೆಳಗೆ ಉರುಳಿ ಹೋಗುವುದಿಲ್ಲ, ಅದೇ ದೊಡ್ಡ ಲಾಭ. ಆದರೂ ಹತ್ತು ಬೀಜ ಜಾಸ್ತಿ ಇರಲಿ. ಕಾಯಿಗೆ ಹಿಂದಿನವರು ಬಳೆ ಚೂರು ಇಡುತ್ತಿದ್ದರು, ನೀವು ನಾಲ್ಕು ಬಣ್ಣದ ಗುಂಡಿ ಇಟ್ಟುಕೊಳ್ಳಿ. ತಲೆಗೆ ನಾಲ್ಕು ಕಾಯಿ ಇಟ್ಟರೆ ಆಟ ತುಂಬಾ ಎಳೆಯುತ್ತದೆ, ಪುಟ್ಟವನಿಗೆ ಬೇಜಾರು, ಅದಕ್ಕೆ ಎರಡೇ ಕಾಯಿ ಸಾಕು. ಆಡುವುದು ನಾಲ್ಕು ಜನ, ನೀವು ಐದು ಜನ. ಹಾಗಾಗಿ ಮಗ ಅಜ್ಜಿಯ ಜೋಡಿಯಾಗಲಿ. ಕಾಯಿ ಹೊಡೆದಾಗ ಇಬ್ಬರೂ ಒಟ್ಟಿಗೆ ಕೂಗುವುದನ್ನು ನೋಡಬೇಕು ನೀವು! ಆಟ ಮುಗಿದ ಮೇಲೆ ಎಲ್ಲವನ್ನೂ ಅದೇ ಬಟ್ಟೆಯಲ್ಲಿ ಗಂಟು ಕಟ್ಟಿದರೆ ಆಯಿತು.

ಜೊತೆಗೆ ಕೊಂಡುಕೊಳ್ಳುವ ಆಟ ಒಂದೇ ಇರಲಿ. ಡಾಬಲ್ ಅಂತ ಒಂದು ಬರುತ್ತದೆ, ಸಣ್ಣ ತಗಡಿನ ಡಬ್ಬಿಯಲ್ಲಿ 55 ದುಂಡನೆಯ ಕಾರ್ಡು. ಪ್ರತಿ ಕಾರ್ಡಿನಲ್ಲಿ 8 ಚಿತ್ರ, ಯಾವ ಎರಡು ಕಾರ್ಡು ತೆಗೆದರೂ ಅವುಗಳಲ್ಲಿ ಒಂದೇ ಒಂದು ಚಿತ್ರ ಸಮ ಇರುತ್ತದೆ, ಅದನ್ನು ಮೊದಲು ಹೇಳಿದವರಿಗೆ ಗೆಲುವು. ಓದಲು ಬಾರದ ಮಗುವೂ ಆಡಬಹುದು. ಚಿತ್ರ ಸಣ್ಣವು, ಹಾಗಾಗಿ ಅತ್ತೆಯವರ ಜೊತೆ ಆಡುವುದಾದರೆ ಹಗಲಲ್ಲೇ ಆಡಿ. ಊನೋ ಮನೆಯಲ್ಲಿ ಇದ್ದರೆ ಸರಿ, ಅದನ್ನೇ ಒಯ್ಯಿರಿ. ನಿಯಮದಂತೆ ಏಳೇಳು ಹಂಚಿದರೆ ಆರು ವರ್ಷದ ಕೈಗೆ ನಿಲ್ಲುವುದಿಲ್ಲ, ಐದೈದು ಹಂಚಿ. ರೈಲು ಅಲುಗಾಡಿದಾಗ ಗುಡ್ಡೆ ಜಾರದಂತೆ ಅಂಚಿರುವ ಸ್ಟೀಲ್ ತಟ್ಟೆಯಲ್ಲಿಡಿ. ಬಯಲಲ್ಲಂತೂ ಕಾರ್ಡು ತೆಗೆಯಲೇಬೇಡಿ. ಒಮ್ಮೆ ಚಿತ್ರದುರ್ಗದ ಕೋಟೆಯಲ್ಲಿ, ಏಕನಾಥೇಶ್ವರಿ ಗುಡಿಯ ಹತ್ತಿರ ನೆರಳು ಸಿಕ್ಕಿತು ಅಂತ ಹರಡಿಕೊಂಡು ಕೂತೆವು. ಒಂದೇ ಗಾಳಿಗೆ ಅರ್ಧ ಕಾರ್ಡು ಬಂಡೆ ಸಂದಿಗೆ ಹೋದವು, ಮಕ್ಕಳು ಅತ್ತೇಬಿಟ್ಟರು.

ಇಸ್ಪೀಟು ಅಗ್ಗ, ಜೇಬಿನಲ್ಲೂ ಹಿಡಿಯುತ್ತದೆ. ಆದರೆ ತೀರ್ಥಯಾತ್ರೆಗೆ ಅದು ಬೇಡ ಅನ್ನುವ ಹಿರಿಯರು ಇರುತ್ತಾರೆ, ಅವರ ಮನಸ್ಸು ನೋಯಿಸಬೇಡಿ. ಅಳಗುಳಿಮಣೆಗೆ 14 ಗುಳಿ, ಐದೈದರಂತೆ 70 ಬೀಜ, ಚೆಲ್ಲಿದರೆ ಆಯುವವರು ಯಾರು? ಅಯಸ್ಕಾಂತದ ಚೆಸ್ ಚೆಂದ, ಆದರೆ ಇಬ್ಬರು ಆಡಿದರೆ ಮೂವರು ಸುಮ್ನೆ ಕೂರಬೇಕು.

ಇನ್ನೊಂದು ಮಾತು. ದಾರಿಗೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡೇ ಹೊರಡ್ತೀರಿ, ಗೊತ್ತು. ಮಿರ್ಚಿ ತಿಂದ ಎಣ್ಣೆ ಕೈಯಲ್ಲಿ ಕಾರ್ಡು ಮುಟ್ಟಿದರೆ ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತವೆ, ಒದ್ದೆ ಬಟ್ಟೆ ಕೈಗೆ ಸಿಗುವಂತಿರಲಿ.

ಹೊರಡುವ ಹಿಂದಿನ ವಾರ ಮನೆಯಲ್ಲೇ ಎರಡು ಸಲ ಆಡಿ. ರೈಲು ಹತ್ತಿದ ಮೇಲೆ ನಿಯಮ ಹೇಳುತ್ತಾ ಕೂತರೆ ಮಗ ಎದ್ದು ಕಿಟಕಿ ಹತ್ತಿರ ಹೋಗಿಬಿಡುತ್ತಾನೆ.